ಹಿತ್ತಲ ಶೆಡ್ಡಿನಿಂದ ಆಷ್ಕಾಷ್‌ವರೆಗೆ

ಅಮೆರಿಕದ ಉತ್ತರ ಭಾಗದಲ್ಲಿ ವಿಸ್ಕಾನ್ಸಿನ್ ಎಂಬ ರಾಜ್ಯವಿದೆ. ಹಾಲು, ಬೆಣ್ಣೆ, ಚೀಸ್‌ಗಳಿಗೆ ಹೆಸರಾದ ರೈತರ ನಾಡು ಅದು. ಅಲ್ಲಿನ ವಿನೆಬೇಗೊ ಸರೋವರದ ದಂಡೆಯ ಮೇಲೆ ಆಷ್ಕಾಷ್ ಎಂಬ ಸಾಧಾರಣ ಗಾತ್ರದ ಊರೊಂದಿದೆ. ವರ್ಷದ ಹೆಚ್ಚಿನ ದಿನಗಳಲ್ಲಿ ಆ ಊರಿನ ವಿಮಾನ ನಿಲ್ದಾಣದಲ್ಲಿ ಗದ್ದಲವೇನೂ ಇರುವುದಿಲ್ಲ. ಆದರೆ ಜುಲೈ ತಿಂಗಳ ಕೊನೆಯ ವಾರ ಬಂತೆಂದರೆ ಅಲ್ಲಿನ ನಿಯಂತ್ರಣ ಗೋಪುರ ಜಗತ್ತಿನಲ್ಲೇ ಅತ್ಯಂತ ಬಿಡುವಿಲ್ಲದ ಗೋಪುರವಾಗಿಬಿಡುತ್ತದೆ. ಒಂದು ವಾರದಲ್ಲಿ ಆಷ್ಕಾಷ್‌ಗೂ ಅದರ ಸುತ್ತಲಿನ ನಿಲ್ದಾಣಗಳಿಗೂ ಸುಮಾರು 10,000 ವಿಮಾನಗಳು ಬಂದಿಳಿಯುತ್ತವೆ. ಆರು ಲಕ್ಷಕ್ಕೂ ಮೀರಿ ಜನ ಸೇರುತ್ತಾರೆ. ಹುಲ್ಲಿನ ಬಯಲಿನಲ್ಲಿ ಸಾಲಾಗಿ ವಿಮಾನಗಳು, ಅವುಗಳ ರೆಕ್ಕೆಯ ನೆರಳಿನಲ್ಲೇ ಡೇರೆ ಹಾಕಿಕೊಂಡು ಮಲಗುವ ಸಂಸಾರಗಳು. ಇದನ್ನು ವಿಮಾನಗಳ ಜಾತ್ರೆ ಎಂದರೆ ತಪ್ಪಾಗದು.

ಯುದ್ಧ ವಿಮಾನಗಳ ಕಸರತ್ತನ್ನು ನಮ್ಮ ವೀಕ್ಷಕರು ಯಲಹಂಕದ ಪ್ರದರ್ಶನದಲ್ಲಿ ಕಂಡಿದ್ದಾರೆ. ಆಷ್ಕಾಷ್‌ನಲ್ಲೂ ಅಂಥವು ಉಂಟು. ಆದರೆ ಆ ಜಾತ್ರೆ ಹುಟ್ಟಿದ್ದು ಅವುಗಳಿಂದಲ್ಲ. ಅಲ್ಲಿಗೆ ಬರುವ ವಿಮಾನಗಳಲ್ಲಿ ಸಾವಿರದ ಆಸುಪಾಸಿನಷ್ಟನ್ನು ಯಾವ ಕಾರ್ಖಾನೆಯೂ ತಯಾರಿಸಿದ್ದಲ್ಲ. ಶಾಲಾ ಮಾಸ್ತರರು, ಬಡಗಿಗಳು, ವೈದ್ಯರು, ರೈತರು, ನಿವೃತ್ತ ನೌಕರರು ತಮ್ಮ ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದು ಕಟ್ಟಿದ ವಿಮಾನಗಳವು. ಕಟ್ಟಿದವರೇ ಅವುಗಳಲ್ಲಿ ಕುಳಿತು, ನೂರಾರು ಮೈಲಿ ಹಾರಿ, ಜಾತ್ರೆಗೆ ಬಂದಿರುತ್ತಾರೆ.

ಇಲ್ಲೊಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಒಂದು ಸ್ಕೂಟರನ್ನು ರಸ್ತೆಗಿಳಿಸಲು ನೂರೆಂಟು ಕಾಗದ ಕೇಳುವ ಈ ಕಾಲದಲ್ಲಿ, ಸಾಮಾನ್ಯನೊಬ್ಬ ತಾನೇ ಕಟ್ಟಿದ ವಿಮಾನವನ್ನು ಹಾರಿಸಲು ಸರ್ಕಾರವೊಂದು ಒಪ್ಪಿದ್ದಾದರೂ ಹೇಗೆ? ಆ ಒಪ್ಪಿಗೆಯ ಇತಿಹಾಸವೇ ಈ ಲೇಖನದ ವಸ್ತು.

ಮೊದಲ ವಿಮಾನವೂ ಮನೆಯಲ್ಲೇ ಕಟ್ಟಿದ್ದು

1903ರ ಡಿಸೆಂಬರ್ 17ರಂದು ಕಿಟಿ ಹಾಕ್‌ನ ಸಮೀಪ ಮರಳುದಿಬ್ಬಗಳ ನಡುವೆ ಹಾರಿದ ರೈಟ್ ಸಹೋದರರ ವಿಮಾನ ಯಾವ ಕಾರ್ಖಾನೆಯಲ್ಲಿ ತಯಾರಾಯಿತು? ಡೇಟನ್ ನಗರದ ಅವರ ಸೈಕಲ್ ಅಂಗಡಿಯಲ್ಲಿ. ಎಂಜಿನ್ನನ್ನೂ ಅದೇ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಕಡೆದು ಕೊಟ್ಟ. ಅಂದರೆ ವಿಮಾನಯಾನ ಶುರುವಾದದ್ದೇ ಮನೆಯಲ್ಲಿ ಕಟ್ಟಿದ ವಿಮಾನದಿಂದ.

ಪ್ಯಾರಿಸ್‌ನಲ್ಲಿ ನೆಲೆಸಿದ್ದ ಬ್ರೆಜಿಲ್ ದೇಶದ ಆಲ್ಬರ್ಟೊ ಸಾಂಟೊಸ್ ಡ್ಯೂಮೊನ ಹೆಸರನ್ನೂ ಇಲ್ಲಿ ನೆನೆಯಬೇಕು. 1907ರಿಂದ 1909ರ ನಡುವೆ ಆತ ಬಿದಿರು ಮತ್ತು ರೇಷ್ಮೆ ಬಟ್ಟೆಯಿಂದ ‘ಡೆಮ್ವಾಸೆಲ್’ ಎಂಬ ಪುಟ್ಟ ವಿಮಾನವನ್ನು ರೂಪಿಸಿದ. ಅದಕ್ಕೆ ಹಕ್ಕುಪತ್ರ ಪಡೆಯಲಿಲ್ಲ. ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ನಕ್ಷೆಯನ್ನು ಬಿಟ್ಟುಕೊಟ್ಟ. 1910ರಲ್ಲಿ ಅಮೆರಿಕದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆ ಆ ನಕ್ಷೆಗಳನ್ನು ಅಚ್ಚು ಹಾಕಿತು.

ಮುಂದೆ ಅಮೆರಿಕದ ಮಿನೆಸೋಟ ರಾಜ್ಯದ ಚೆರಿ ಗ್ರೋವ್ ಎಂಬ ಹಳ್ಳಿಯಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬಾತ ಬೇರೊಂದು ಹಠ ಹಿಡಿದ. ವಿಮಾನದ ಎಂಜಿನ್ ದುಬಾರಿ, ಫೋರ್ಡ್ ಕಾರಿನ ಎಂಜಿನ್ ಅಗ್ಗ. ಅದನ್ನೇ ಏಕೆ ಕೂರಿಸಬಾರದು? ಕಾರಿನ ಎಂಜಿನ್ ಆಕಾಶಕ್ಕೆ ಒಗ್ಗದು ಎಂದು ತಾಂತ್ರಿಕ ಪತ್ರಿಕೆಯೊಂದರ ಸಂಪಾದಕರು ಬರೆದಿದ್ದರು. ಪೀಟನ್‌ಪೋಲ್ ವಾದಕ್ಕೆ ಇಳಿಯಲಿಲ್ಲ. 1930ರಲ್ಲಿ ಫೋರ್ಡ್ ಎಂಜಿನ್ನಿನ ಎರಡು ವಿಮಾನಗಳು ಚೆರಿ ಗ್ರೋವ್‌ನಿಂದ ಹಾರಿ ಆ ಸಂಪಾದಕರ ಊರಿನ ಬಳಿಯೇ ಇಳಿದವು. ನಕ್ಕವರೇ ಆಮೇಲೆ ಅದರ ನಕ್ಷೆಯನ್ನು ಪ್ರಕಟಿಸಿದರು. ಪೀಟನ್‌ಪೋಲ್‌ನ ‘ಏರ್ ಕ್ಯಾಂಪರ್’ ವಿಮಾನವನ್ನು ಜನ ಇಂದಿಗೂ ಕಟ್ಟುತ್ತಾರೆ. ಆಷ್ಕಾಷ್ ಜಾತ್ರೆಗೆ ಮುನ್ನ ಅದೇ ರಾಜ್ಯದ ಬ್ರಾಡ್‌ಹೆಡ್ ಎಂಬಲ್ಲಿ ಅವರದೇ ಒಂದು ಸಣ್ಣ ಕೂಟ ನಡೆಯುತ್ತದೆ. ತನ್ನ ವಿಮಾನವನ್ನು ಹಾರಿಸಿಕೊಂಡು ಹೋಗಿ ಎದುರಿಗಿಳಿಸುವುದು, ಅದೇ ತನ್ನ ಪರ ಸಾಕ್ಷಿ ನುಡಿಯಲಿ ಎಂದು ಸುಮ್ಮನೆ ನಿಲ್ಲುವುದು: ಈ ಪದ್ಧತಿ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಆಕಾಶದ ಹೇನು

ಆದರೆ ಉತ್ಸಾಹ ಒಂದೇ ಸಾಲದು ಎಂಬ ಪಾಠವನ್ನು ಯೂರೋಪ್ ಕಷ್ಟಪಟ್ಟು ಕಲಿಯಿತು. ಫ್ರಾನ್ಸಿನ ಆನ್ರಿ ಮಿನ್ಯೆ ಔಪಚಾರಿಕವಾಗಿ ಹಾರಾಟ ಕಲಿತು ಪಳಗಿದವನಲ್ಲ. ಮಾಮೂಲಿ ವಿಮಾನದ ಹಿಡಿತ ತನಗೆ ಕೈಗೂಡದಿದ್ದಾಗ, ತನ್ನಂಥವರಿಗೆ ಹೊಂದುವ ವಿಮಾನವನ್ನೇ ರೂಪಿಸುತ್ತೇನೆಂದು ಹೊರಟ. 1933ರಲ್ಲಿ ಹಾರಿದ ಅವನ ವಿಮಾನದ ಹೆಸರು ‘ಪೂ ದು ಸಿಯೆಲ್’, ಅಂದರೆ ಆಕಾಶದ ಹೇನು. ಇಂಗ್ಲಿಷರು ಹೇನನ್ನು ಚಿಗಟ ಮಾಡಿ ‘ಫ್ಲೈಯಿಂಗ್ ಫ್ಲೀ’ ಎಂದು ಕರೆದರು. 1934ರಲ್ಲಿ ಮಿನ್ಯೆ ಅದನ್ನು ಕಟ್ಟುವ ಕ್ರಮವನ್ನು ಪುಸ್ತಕವಾಗಿ ಬರೆದ. ಮರ ಕೊಯ್ದು ಮೊಳೆ ಹೊಡೆಯಬಲ್ಲ ಯಾರಾದರೂ ಇದನ್ನು ಕಟ್ಟಬಹುದು ಎಂಬುದು ಅವನ ಭರವಸೆಯ ಸಾರ. 1935ರಲ್ಲಿ ಅವನೇ ಅದರಲ್ಲಿ ಕುಳಿತು ಇಂಗ್ಲಿಷ್ ಕಾಲುವೆ ದಾಟಿ ಇಂಗ್ಲೆಂಡಿನಲ್ಲಿಳಿದಾಗ ಜನ ಹುಚ್ಚೆದ್ದರು. ಎರಡೂ ದೇಶಗಳ ಶೆಡ್ಡುಗಳಲ್ಲಿ ಗರಗಸದ ಸದ್ದು ಎದ್ದಿತು. ಬ್ರಿಟಿಷ್ ಸರ್ಕಾರ ಈ ಪುಟ್ಟ ವಿಮಾನಗಳಿಗಾಗಿಯೇ ಸರಳವಾದ ಅನುಮತಿಯೊಂದನ್ನು ಜಾರಿಗೆ ತಂದಿತು.

ಆಮೇಲೆ ಸಾವುಗಳು ಆರಂಭವಾದವು. ಇದ್ದಕ್ಕಿದ್ದಂತೆ ಮೂಗು ಕೆಳಗಾದ ವಿಮಾನ ಮತ್ತೆ ಏಳದೆ ನೆಲಕ್ಕಪ್ಪಳಿಸುತ್ತಿತ್ತು. ಕಟ್ಟಿದವರ ಕೈಗುಣ ಸರಿಯಿಲ್ಲವೆಂದು ಮೊದಲು ಎಲ್ಲರೂ ಅಂದುಕೊಂಡರು. 1936ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ಮತ್ತು ಫ್ರಾನ್ಸಿನ ಶಾಲೇ ಮ್ಯೂದೊಂ ಎಂಬಲ್ಲಿ ಇಡೀ ವಿಮಾನವನ್ನೇ ಗಾಳಿಸುರಂಗದೊಳಗೆ ಇರಿಸಿ ಪರೀಕ್ಷಿಸಿದಾಗ ನಿಜ ಹೊರಬಿತ್ತು. ಈ ವಿಮಾನದಲ್ಲಿ ಒಂದರ ಹಿಂದೊಂದು ಎರಡು ರೆಕ್ಕೆಗಳಿದ್ದವು. ಚಾಲಕ ಕೋಲನ್ನೆಳೆದರೆ ಮುಂದಿನ ರೆಕ್ಕೆಯ ಕೋನ ಬದಲಾಗಿ ಮೂಗು ಮೇಲೇಳಬೇಕು. ಆದರೆ ಮೂಗು ಒಂದು ಮಿತಿ ಮೀರಿ ಬಾಗಿದ ಮೇಲೆ ಎರಡು ರೆಕ್ಕೆಗಳ ನಡುವಿನ ಕಿಂಡಿಯಲ್ಲಿ ಹರಿಯುವ ಗಾಳಿ ಹಿಂದಿನ ರೆಕ್ಕೆಯನ್ನೇ ಹೆಚ್ಚು ಎತ್ತುತ್ತಿತ್ತು. ಚಾಲಕ ಗಾಬರಿಯಿಂದ ಕೋಲನ್ನು ಎಳೆದಷ್ಟೂ ಮೂಗು ಇನ್ನಷ್ಟು ಕೆಳಗೆ. ಬದುಕಿಸಬೇಕಾದ ಕೈಚಲನೆಯೇ ಕೊಲ್ಲುತ್ತಿತ್ತು.

ವಿಷಾದದ ಸಂಗತಿಯೆಂದರೆ, ಸತ್ತವರಲ್ಲಿ ಪುಸ್ತಕವನ್ನು ಚಾಚೂ ತಪ್ಪದೆ ಅನುಸರಿಸಿದವರೂ ಇದ್ದರು. ದೋಷವಿದ್ದದ್ದು ನಕ್ಷೆಯಲ್ಲಿ. ಒಬ್ಬೊಬ್ಬರೂ ತಮ್ಮ ತಮ್ಮ ಶೆಡ್ಡಿನಲ್ಲಿ ಒಂಟಿಯಾಗಿ ಕಟ್ಟುತ್ತಿದ್ದುದರಿಂದ ಒಬ್ಬನ ಅನುಭವ ಇನ್ನೊಬ್ಬನಿಗೆ ಬೇಗ ತಲುಪಲಿಲ್ಲ. 1936ರಲ್ಲಿ ರ‍್ಯಾಮ್ಸ್‌ಗೇಟ್‌ನಲ್ಲಿ ಈ ವಿಮಾನಗಳದೇ ಒಂದು ಪಂದ್ಯವೂ ನಡೆಯಿತು. ಆದರೆ ಅಷ್ಟರಲ್ಲಿ ಸಂಭ್ರಮ ಮುಗಿಯುತ್ತ ಬಂದಿತ್ತು. ಮಿನ್ಯೆ ಮುಂದೆ ರೆಕ್ಕೆಗಳ ಅಂತರವನ್ನು ತಿದ್ದಿ ಸುರಕ್ಷಿತ ವಿಮಾನಗಳನ್ನು ಮಾಡಿದ. ಹೋದ ಜೀವಗಳು ಮರಳಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಬ್ರಿಟನ್ನಿನ ಹವ್ಯಾಸಿಗಳು ಒಂದು ಸಂಘ ಕಟ್ಟಿಕೊಂಡರು. ಸಂಘದ ಪರಿವೀಕ್ಷಕನೊಬ್ಬ ಕಟ್ಟಡದ ಹಂತಹಂತದಲ್ಲೂ ಬಂದು ನೋಡಿ ಸಹಿ ಹಾಕಿದ ಹೊರತು ವಿಮಾನ ಮುಂದುವರಿಯಬಾರದು ಎಂಬ ಪದ್ಧತಿ ಅಲ್ಲಿ ಬೇರೂರಿತು. ಇದು ಹೇನಿನ ಕಾಲದಲ್ಲಿ ತೆತ್ತ ಬೆಲೆಯಿಂದ ಬಂದ ವಿವೇಕ ಎನ್ನಬಹುದು.

ಓರೆಗಾನ್‌ನಿಂದ ರಾಜಧಾನಿಗೆ

ಅಮೆರಿಕದ ದಾರಿ ಬೇರೆ. 1926ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ವಿಮಾನಗಳಿಗೂ ಚಾಲಕರಿಗೂ ಪರವಾನಗಿಯ ಕಾನೂನು ತಂದಿತು. ಪ್ರಯಾಣಿಕರ ಸುರಕ್ಷತೆಗೆ ಅದು ಬೇಕಾಗಿತ್ತು. ಆದರೆ ಕಾರ್ಖಾನೆಗೆಂದು ಬರೆದ ನಿಯಮ ಶೆಡ್ಡಿಗೆ ಹೊಂದಲಿಲ್ಲ. ರಾಜ್ಯಗಳು ಒಂದೊಂದಾಗಿ ಕೇಂದ್ರದ ನಿಯಮವನ್ನೇ ಒಪ್ಪಿಕೊಳ್ಳುತ್ತ ಬಂದಂತೆ, 1930ರ ದಶಕದ ಕೊನೆಯ ಹೊತ್ತಿಗೆ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಬಾಗಿಲು ಬಹುತೇಕ ಮುಚ್ಚಿತು. ಪಶ್ಚಿಮ ಕರಾವಳಿಯ ಓರೆಗಾನ್ ರಾಜ್ಯದಲ್ಲಿ ಮಾತ್ರ ಸ್ಥಳೀಯ ಕಾನೂನಿನ ಆಸರೆಯಲ್ಲಿ ಕೆಲವರು ಕಟ್ಟುತ್ತ, ಹಾರುತ್ತ ಉಳಿದರು. ಲೆಸ್ ಲಾಂಗ್ ಎಂಬ ಹವ್ಯಾಸಿ ಅವರಿಗೆಲ್ಲ ಗುರುವಿನಂತಿದ್ದ. ಅವರು ರಾಜ್ಯದ ಗಡಿ ದಾಟುವಂತಿರಲಿಲ್ಲ.

ಆ ಗುಂಪಿನ ಜಾರ್ಜ್ ಬೊಗಾರ್ಡಸ್ ಯುದ್ಧ ಮುಗಿದ ಮೇಲೆ ಒಂದು ನಿರ್ಧಾರ ಮಾಡಿದ. ಅರ್ಜಿಗಳನ್ನು ಅಂಚೆಯಲ್ಲಿ ಕಳಿಸಿದರೆ ಕಡತದಲ್ಲಿ ಮಲಗುತ್ತವೆ, ವಿಮಾನವನ್ನೇ ಕಳಿಸಿದರೆ? 1947ರಲ್ಲಿ ಆತ ‘ಲಿಟಲ್ ಜೀ ಬೀ’ ಎಂಬ ತನ್ನ ಒಂಟಿ ಆಸನದ ವಿಮಾನದಲ್ಲಿ ಓರೆಗಾನ್‌ನಿಂದ ಹೊರಟ. ಎಂಜಿನ್ನಿನ ಶಕ್ತಿ ಕೇವಲ 65 ಅಶ್ವಶಕ್ತಿ. ರಾಕಿ ಪರ್ವತಗಳನ್ನೂ ಬಯಲುನಾಡುಗಳನ್ನೂ ದಾಟಿ, ಎರಡು ಸಾವಿರ ಮೈಲಿಗೂ ಮೀರಿದ ದಾರಿಯನ್ನು ಕ್ರಮಿಸಿ ರಾಜಧಾನಿ ವಾಷಿಂಗ್ಟನ್ನಿಗೆ ಬಂದ. ಮನೆಯಲ್ಲಿ ಕಟ್ಟಿದ ವಿಮಾನ ಅಪಾಯದ ಆಟಿಕೆಯೆಂದು ನಂಬಿದ್ದ ಅಧಿಕಾರಿಗಳ ಊರಿನಲ್ಲೇ ಅದನ್ನು ಇಳಿಸಿದ. ಖಂಡದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬಂದ ಯಂತ್ರವನ್ನು ಆಟಿಕೆ ಎನ್ನುವುದು ಕಷ್ಟವಾಯಿತು.

ಮಾತುಕತೆ ವರ್ಷಗಟ್ಟಲೆ ನಡೆಯಿತು. 1952ರ ಹೊತ್ತಿಗೆ ಹವ್ಯಾಸಿಗಳು ಕಟ್ಟಿದ ವಿಮಾನಕ್ಕೆ ನಿಯಮಾವಳಿಯಲ್ಲಿ ಗಟ್ಟಿಯಾದ ಸ್ಥಾನ ದೊರೆಯಿತು. ಆ ವರ್ಗದ ಹೆಸರು ‘ಎಕ್ಸ್‌ಪೆರಿಮೆಂಟಲ್’, ಅಂದರೆ ಪ್ರಾಯೋಗಿಕ. ಅದರ ಷರತ್ತುಗಳು ಸರಳ, ಆದರೆ ಅರ್ಥಪೂರ್ಣ. ವಿಮಾನದ ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಹವ್ಯಾಸಿಗಳೇ, ಕಲಿಕೆಗಾಗಿಯೋ ಸಂತೋಷಕ್ಕಾಗಿಯೋ ಮಾಡಿರಬೇಕು. ಅದನ್ನು ಬಾಡಿಗೆಗೆ ಓಡಿಸುವಂತಿಲ್ಲ. ‘ಎಕ್ಸ್‌ಪೆರಿಮೆಂಟಲ್’ ಎಂಬ ಪದ ಒಳಗೆ ಹತ್ತುವವರ ಕಣ್ಣಿಗೆ ಬೀಳುವಂತೆ ಬರೆದಿರಬೇಕು. ಕಾರ್ಖಾನೆಯ ವಿಮಾನಕ್ಕಿರುವ ಸುರಕ್ಷತಾ ನಿಯಮಗಳನ್ನು ಇದು ಪಾಲಿಸಿಲ್ಲ ಎಂಬ ಎಚ್ಚರಿಕೆಯ ಫಲಕವೂ ಇರಬೇಕು. ಇಂದಿನ ನಿಯಮದಂತೆ ಮೊದಲ 25 ಅಥವಾ 40 ಗಂಟೆಗಳ ಹಾರಾಟವನ್ನು ಜನವಸತಿ ವಿರಳವಾದ ಗೊತ್ತುಪಡಿಸಿದ ಪ್ರದೇಶದಲ್ಲಿ, ಪ್ರಯಾಣಿಕರಿಲ್ಲದೆ ನಡೆಸಬೇಕು. ಸರ್ಕಾರ ಹೇಳಿದ್ದು ಇಷ್ಟು: ನಿನ್ನ ಪ್ರಾಣ ನಿನ್ನ ಹೊಣೆ, ನೆಲದ ಮೇಲಿನವರ ಪ್ರಾಣಕ್ಕೆ ನಾವು ಹೊಣೆ.

ಬೊಗಾರ್ಡಸ್‌ನ ಆ ಪುಟ್ಟ ವಿಮಾನ ಈಗ ವಾಷಿಂಗ್ಟನ್ ಬಳಿಯ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ.

ನೆಲಮಾಳಿಗೆಯಲ್ಲಿ ಹುಟ್ಟಿದ ಸಂಘ

ಅನುಮತಿ ಸಿಕ್ಕಿತು. ಆದರೆ ಒಂಟಿಯಾಗಿ ಕಟ್ಟುವವನ ಕಷ್ಟ ಹಾಗೆಯೇ ಉಳಿದಿತ್ತು. ಅದಕ್ಕೆ ಉತ್ತರ ಕೊಟ್ಟವನು ಪಾಲ್ ಪೊಬರೆಜ್ನಿ. ಸೇನೆಯ ವಿಮಾನಗಳನ್ನು ನಡೆಸುತ್ತಿದ್ದ ಈತ ವಿಸ್ಕಾನ್ಸಿನ್‌ನವನು. 1953ರ ಜನವರಿ 26ರಂದು ಮಿಲ್ವಾಕಿ ನಗರದಲ್ಲಿ ಈತ ಕರೆದ ಸಭೆಗೆ ಮೂರು ಡಜನ್‌ನಷ್ಟು ಜನ ಬಂದರು. ವಿಮಾನದ ಮೇಲೆ ಬರೆಯಬೇಕಾದ ಎಚ್ಚರಿಕೆಯ ಪದವನ್ನೇ ಹೆಮ್ಮೆಯಿಂದ ಹೆಸರಾಗಿಸಿಕೊಂಡು ‘ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್’ ಎಂಬ ಸಂಘವನ್ನು ಸ್ಥಾಪಿಸಿದರು. ಮೊದಲ ವರ್ಷಗಳಲ್ಲಿ ಸಂಘದ ಕಚೇರಿ ಪೊಬರೆಜ್ನಿಯ ಮನೆಯ ನೆಲಮಾಳಿಗೆ. ಪತ್ರಗಳಿಗೆ ಉತ್ತರ ಬರೆಯುತ್ತಿದ್ದವರಲ್ಲಿ ಮುಖ್ಯಳು ಆತನ ಹೆಂಡತಿ ಆಡ್ರಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಡೆದ ಮೊದಲ ಕೂಟಕ್ಕೆ ಬಂದ ವಿಮಾನಗಳು ಇಪ್ಪತ್ತರ ಆಸುಪಾಸು.

1955ರಲ್ಲಿ ‘ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್’ ಎಂಬ ಜನಪ್ರಿಯ ಪತ್ರಿಕೆಯಲ್ಲಿ ಪೊಬರೆಜ್ನಿ ‘ಬೇಬಿ ಏಸ್’ ಎಂಬ ವಿಮಾನವನ್ನು ಎಂಜಿನ್ ಸಮೇತ 800 ಡಾಲರಿಗೂ ಕಡಿಮೆ ಖರ್ಚಿನಲ್ಲಿ ಕಟ್ಟುವುದು ಹೇಗೆಂದು ಬರೆದ. ಪತ್ರಗಳ ಪ್ರವಾಹವೇ ಹರಿದುಬಂತು. ಊರೂರಿಗೆ ಶಾಖೆಗಳಾದವು. ವಾರ್ಷಿಕ ಕೂಟ ಬೆಳೆಯುತ್ತ 1959ರಲ್ಲಿ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ಗೂ, 1970ರಲ್ಲಿ ಆಷ್ಕಾಷ್‌ಗೂ ಬಂತು. ಅಲ್ಲಿನ ನಿಲ್ದಾಣವನ್ನು 1931ರಿಂದ 1969ರವರೆಗೆ ನೋಡಿಕೊಂಡಿದ್ದ ಸ್ಟೀವ್ ವಿಟ್‌ಮನ್ ಸ್ವತಃ ಹೆಸರಾಂತ ಪಂದ್ಯ ವಿಮಾನಗಳ ಚಾಲಕ, ನಿರ್ಮಾಪಕ. ನಿಲ್ದಾಣಕ್ಕೆ ಈಗ ಅವನದೇ ಹೆಸರು.

ಸಂಘ ಮಾಡಿದ ದೊಡ್ಡ ಕೆಲಸ ಕೂಟಕ್ಕಿಂತ ಮಿಗಿಲಾದದ್ದು. ಅನುಭವವುಳ್ಳ ಸದಸ್ಯರು ಸಂಬಳವಿಲ್ಲದೆ ಹೊಸಬರ ಶೆಡ್ಡಿಗೆ ಹೋಗಿ, ರೆಕ್ಕೆಗೆ ಹೊದಿಕೆ ಹಾಕುವ ಮುನ್ನ ಒಳಗಿನ ಬೆಸುಗೆಯನ್ನೂ ರಿವೆಟ್ಟನ್ನೂ ನೋಡಿ ತಪ್ಪು ತೋರಿಸುವ ಪದ್ಧತಿ ಬೆಳೆಯಿತು. ಜಾತ್ರೆಯಲ್ಲೂ ಅಷ್ಟೇ. ಒಂದು ಡೇರೆಯಲ್ಲಿ ಬೆಸುಗೆ ಕಲಿಸುತ್ತಾರೆ, ಇನ್ನೊಂದರಲ್ಲಿ ರೆಕ್ಕೆಗೆ ಬಟ್ಟೆ ಎಳೆಯುವುದನ್ನು, ಮತ್ತೊಂದರಲ್ಲಿ ಅಲ್ಯೂಮಿನಿಯಂ ಹಾಳೆ ಬಗ್ಗಿಸುವುದನ್ನು. ಬಹುಮಾನದ ತೀರ್ಪುಗಾರರು ಬಣ್ಣದ ಹೊಳಪನ್ನಷ್ಟೇ ನೋಡುವುದಿಲ್ಲ, ಮುಚ್ಚಳ ತೆಗೆಸಿ ಒಳಗಿನ ಕೈಕೆಲಸವನ್ನು ನೋಡುತ್ತಾರೆ. ದಾರಿಹೋಕನೂ ಬಗ್ಗಿ ನೋಡಿ, ‘ಈ ಕೊಳವೆಯನ್ನು ಹೀಗೇಕೆ ತಿರುಗಿಸಿದಿರಿ?’ ಎಂದು ಕೇಳಬಹುದು. ಕಟ್ಟಿದವನು ಉತ್ತರ ಹೇಳಬೇಕು.

ರೈಲು ಹಳಿಯನ್ನು ಹಿಡಿದು

ಜಾತ್ರೆಗೆ ಹಾರಿ ಬರುವುದೇ ಒಂದು ಪರೀಕ್ಷೆ. ಬಹುತೇಕ ಸಣ್ಣ ವಿಮಾನಗಳು ಆಷ್ಕಾಷ್‌ನ ನೈರುತ್ಯಕ್ಕಿರುವ ರಿಪನ್ ಎಂಬ ಊರಿನ ಮೇಲೆ ಬಂದು ಸೇರಬೇಕು. ಅಲ್ಲಿಂದ ರೈಲು ಹಳಿಯನ್ನು ಹಿಡಿದು ಫಿಸ್ಕ್ ಎಂಬ ಪುಟ್ಟ ಹಳ್ಳಿಯ ಕಡೆಗೆ, ಒಂದರ ಹಿಂದೊಂದು, ಅರ್ಧ ಮೈಲಿ ಅಂತರದಲ್ಲಿ ಸಾಗಬೇಕು. ಸಮುದ್ರ ಮಟ್ಟದಿಂದ 1,800 ಅಡಿ ಎತ್ತರ, 90 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 165 ಕಿಲೋಮೀಟರ್. ಅಷ್ಟು ನಿಧಾನವಾಗಿ ಹಾರಲಾರದ ವಿಮಾನಗಳಿಗೆ 2,300 ಅಡಿಯಲ್ಲಿ 135 ನಾಟ್ ವೇಗದ ಇನ್ನೊಂದು ಸಾಲು.

ಫಿಸ್ಕ್ ಬಳಿ ನೆಲದ ಮೇಲೆ ನಿಂತ ನಿಯಂತ್ರಕರು ದುರ್ಬೀನು ಹಿಡಿದು ಮೇಲೆ ನೋಡುತ್ತಾರೆ. ಹೆಸರು, ನೋಂದಣಿ ಸಂಖ್ಯೆಗಳನ್ನು ಕೇಳುತ್ತ ಕೂರಲು ಅಲ್ಲಿ ಪುರಸೊತ್ತಿಲ್ಲ. ಹಳದಿ ಬಣ್ಣದ ತಗ್ಗುರೆಕ್ಕೆಯ ವಿಮಾನವೇ, ರೆಕ್ಕೆ ಅಲುಗಿಸು ಎನ್ನುತ್ತಾರೆ. ಚಾಲಕ ರೇಡಿಯೋದಲ್ಲಿ ಮಾತನಾಡುವಂತಿಲ್ಲ, ರೆಕ್ಕೆಯನ್ನು ಅತ್ತಿತ್ತ ಓಲಾಡಿಸಿದರೆ ಅದೇ ಉತ್ತರ. ಯಾವ ರನ್‌ವೇಗೆ ಹೋಗಬೇಕೆಂಬ ಆದೇಶ ಬರುತ್ತದೆ. ರನ್‌ವೇ ಮೇಲೆ ಬಳಿದ ದೊಡ್ಡ ಬಣ್ಣದ ಚುಕ್ಕೆಗಳಿವೆ. ಒಬ್ಬನಿಗೆ ಹಸಿರು ಚುಕ್ಕೆಯ ಮೇಲೆ ಇಳಿ ಎಂದರೆ ಹಿಂದಿನವನಿಗೆ ಬೇರೆ ಚುಕ್ಕೆ. ಹೀಗೆ ಒಂದೇ ರನ್‌ವೇಯಲ್ಲಿ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ವಿಮಾನಗಳು ಇಳಿಯುತ್ತವೆ. ಗುಲಾಬಿ ಬಣ್ಣದ ಅಂಗಿ ತೊಟ್ಟ ಈ ನಿಯಂತ್ರಕರು ದೇಶದ ಬೇರೆ ಬೇರೆ ನಿಲ್ದಾಣಗಳಿಂದ ಆಯ್ಕೆಯಾಗಿ ಬಂದವರು.

ತನ್ನ ಕೈಯಿಂದಲೇ ಕಟ್ಟಿದ ಯಂತ್ರದಲ್ಲಿ ಕುಳಿತವನಿಗೆ ಈ ಹದಿನೈದಿಪ್ಪತ್ತು ನಿಮಿಷಗಳಲ್ಲಿ ಕೈಯೂ ಕಣ್ಣೂ ತುಂಬ ಕೆಲಸ. ವೇಗ ಇಳಿಸಿದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ, ಏರಿಸಿದರೆ ಮುಂದಿನವನ ಬಾಲಕ್ಕೆ ಹತ್ತಿರವಾಗುತ್ತಾನೆ. ತನ್ನ ವಿಮಾನದ ಸ್ವಭಾವವನ್ನು ಪರೀಕ್ಷಾ ಹಾರಾಟದ ಗಂಟೆಗಳಲ್ಲಿ ಸರಿಯಾಗಿ ಅರಿತವನಿಗೆ ಮಾತ್ರ ಇದು ಸುಗಮ.

ಗಾಜಿನ ನೂಲು, ಅಲ್ಯೂಮಿನಿಯಂ ಹಾಳೆ

ಈ ಜಾತ್ರೆಗೆ ಹಾರಿ ಬಂದ ಕೆಲವು ವಿಮಾನಗಳು ವಿಮಾನ ಕಟ್ಟುವ ಕಲೆಯನ್ನೇ ಬದಲಿಸಿದವು. 1972ರಲ್ಲಿ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಎಂಬ ಓರೆಗಾನ್‌ನ ಎಂಜಿನಿಯರ್ ತಾನೇ ರೂಪಿಸಿದ ಆರ್‌ವಿ-3 ಎಂಬ ಒಂಟಿ ಆಸನದ ಅಲ್ಯೂಮಿನಿಯಂ ವಿಮಾನವನ್ನು ತಂದ. ಮುಂದೆ ಅವನ ಸಂಸ್ಥೆ ಬಿಡಿಭಾಗಗಳ ಕಿಟ್‌ಗಳನ್ನು ಮಾರಿತು. ಆ ಮಾದರಿಯ ವಿಮಾನಗಳಲ್ಲಿ ಇಂದಿನವರೆಗೆ ಹಾರಿರುವವು ಹತ್ತು ಸಾವಿರಕ್ಕೂ ಹೆಚ್ಚು.

1975ರಲ್ಲಿ ಕ್ಯಾಲಿಫೋರ್ನಿಯದ ಬರ್ಟ್ ರುಟಾನ್ ತಂದ ‘ವೇರಿ ಈಝಿ’ ನೋಡಲು ಹಿಂದುಮುಂದಾದ ವಿಮಾನ. ಪುಟ್ಟ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಮತ್ತು ಎಂಜಿನ್ ಹಿಂದೆ. ಕಟ್ಟುವ ಬಗೆಯೂ ಹೊಸದು. ಹಗುರ ಫೋಮನ್ನು ಬಿಸಿ ತಂತಿಯಿಂದ ಕತ್ತರಿಸಿ ಆಕಾರ ಕೊಟ್ಟು, ಮೇಲೆ ಗಾಜಿನ ನೂಲಿನ ಬಟ್ಟೆಯನ್ನೂ ಅಂಟುರಾಳವನ್ನೂ ಹಚ್ಚಿದರೆ ರೆಕ್ಕೆ ಸಿದ್ಧ. ಅಚ್ಚು ಬೇಡ, ದುಬಾರಿ ಯಂತ್ರ ಬೇಡ. ಆ ವರ್ಷ ಆಷ್ಕಾಷ್‌ನಲ್ಲೇ ಬರ್ಟ್‌ನ ಅಣ್ಣ ಡಿಕ್ ರುಟಾನ್ ಅದನ್ನು ಹಾರಿಸಿ ಆ ತೂಕದ ವರ್ಗದಲ್ಲಿ ದೂರದ ದಾಖಲೆ ಸ್ಥಾಪಿಸಿದ. ಇದೇ ಕೌಶಲದ ಮುಂದುವರಿಕೆಯಾದ ‘ವಾಯೇಜರ್’ 1986ರ ಡಿಸೆಂಬರಿನಲ್ಲಿ, ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ, ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿತು. ಅದನ್ನು ನಡೆಸಿದವರು ಡಿಕ್ ರುಟಾನ್ ಮತ್ತು ಜೀನಾ ಯೇಗರ್.

ರುಟಾನ್ ವಿಮಾನಗಳಲ್ಲೂ ದೋಷ ಕಾಣಿಸಿತು. ಮಳೆಯಲ್ಲಿ ಮುಂದಿನ ಪುಟ್ಟ ರೆಕ್ಕೆ ಒದ್ದೆಯಾದಾಗ ಅದರ ಎತ್ತುವ ಶಕ್ತಿ ಕುಂದಿ ಮೂಗು ಬಾಗುತ್ತಿತ್ತು. ಆದರೆ ಈ ಬಾರಿ ಹೇನಿನ ಕಥೆ ಮರುಕಳಿಸಲಿಲ್ಲ. ಕಟ್ಟಿದವರಿಗೆಲ್ಲ ನಿಯತವಾಗಿ ಹೋಗುತ್ತಿದ್ದ ಸುದ್ದಿಪತ್ರದಲ್ಲಿ ತಿದ್ದುಪಡಿಗಳು ಅಚ್ಚಾಗುತ್ತಿದ್ದವು. ಜಾನ್ ರಾಂಕ್ಸ್ ಎಂಬ ತಜ್ಞ ರೂಪಿಸಿದ ಹೊಸ ಆಕಾರದ ರೆಕ್ಕೆ ಬಂತು. ಮಿನ್ಯೆಯ ಕಾಲಕ್ಕೂ ಇದಕ್ಕೂ ಇದ್ದ ಅಂತರವೆಂದರೆ, ಒಬ್ಬನ ಅನುಭವ ಈಗ ಎಲ್ಲರಿಗೂ ತಲುಪುತ್ತಿತ್ತು.

ಕನ್ನಡಿಗರು ತಿಳಿಯಬೇಕಾದ ಮಾತೊಂದು ಇಲ್ಲಿದೆ. ರುಟಾನ್‌ನ ‘ಲಾಂಗ್ ಈಝಿ’ ಮಾದರಿಯನ್ನೇ ಆಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ವಿಜ್ಞಾನಿಗಳು ಒಂದು ಹಗುರ ಸಂಶೋಧನಾ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿದರು. ಗಾಜಿನ ನೂಲು ಮತ್ತು ಅಂಟುರಾಳಗಳ ಕೆಲಸದಲ್ಲಿ ಆ ಸಂಸ್ಥೆಗೆ ಅದೊಂದು ಆರಂಭದ ಪಾಠವಾಯಿತು. 1993ರಲ್ಲಿ ಮೊದಲ ಬಾರಿಗೆ ಹಾರಿದ ತರಬೇತಿ ವಿಮಾನ ‘ಹಂಸ’ವೂ ಸಂಯುಕ್ತ ವಸ್ತುಗಳಿಂದಲೇ ಆದದ್ದು. ಅಮೆರಿಕದ ಹವ್ಯಾಸಿಗಳ ಶೆಡ್ಡಿನ ವಿದ್ಯೆ ನಮ್ಮ ಪ್ರಯೋಗಾಲಯಕ್ಕೂ ಉಪಯೋಗಕ್ಕೆ ಬಂತು.

ತಪ್ಪಿಗೆ ತೆತ್ತ ಬೆಲೆ

ಇಷ್ಟೆಲ್ಲ ಹೇಳಿದ ಮೇಲೆ ಕಹಿಯಾದ ಮಾತನ್ನೂ ಹೇಳಬೇಕು. 1995ರ ಏಪ್ರಿಲ್ 27ರಂದು 91 ವರ್ಷದ ಸ್ಟೀವ್ ವಿಟ್‌ಮನ್ ತನ್ನ ಹೆಂಡತಿಯೊಡನೆ ಫ್ಲಾರಿಡಾದಿಂದ ಆಷ್ಕಾಷ್‌ಗೆ, ತಾನೇ ಕಟ್ಟಿದ ವಿಮಾನದಲ್ಲಿ ಹೊರಟಿದ್ದ. ಅಲಬಾಮ ರಾಜ್ಯದ ಮೇಲೆ ಆ ವಿಮಾನ ಆಕಾಶದಲ್ಲೇ ಮುರಿದುಬಿತ್ತು. ಇಬ್ಬರೂ ಸತ್ತರು. ರೆಕ್ಕೆಯ ಮೇಲಿನ ಬಟ್ಟೆಯನ್ನು ಅಂಟಿಸಿದ ಕ್ರಮ ಸರಿಯಿರಲಿಲ್ಲ, ಅಂಟು ಬಿಟ್ಟು ಬಟ್ಟೆ ಎದ್ದು, ರೆಕ್ಕೆಯೂ ಅದರ ಹಿಂಬದಿಯ ಚಲಿಸುವ ಫಲಕವೂ ತಡೆಯಲಾಗದಷ್ಟು ಅದುರಿದವು ಎಂದು ತನಿಖೆ ಹೇಳಿತು. ಯಾರ ಹೆಸರಿನ ನಿಲ್ದಾಣಕ್ಕೆ ಪ್ರತಿವರ್ಷ ಸಾವಿರಾರು ಮಂದಿ ಬಂದು ಇಳಿಯುವರೋ ಆತನೇ ಆ ನಿಲ್ದಾಣವನ್ನು ಸೇರಲಿಲ್ಲ. ಆರು ದಶಕಗಳಿಗೂ ಮೀರಿದ ಅನುಭವ ಒಂದು ಹಿಡಿ ಅಂಟಿನ ಮುಂದೆ ಕೆಲಸಕ್ಕೆ ಬರಲಿಲ್ಲ.

1997ರ ಅಕ್ಟೋಬರ್ 12ರಂದು ಹೆಸರಾಂತ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯದ ಕಡಲಿಗೆ ಬಿದ್ದು ಸತ್ತದ್ದು ಲಾಂಗ್ ಈಝಿ ವಿಮಾನದಲ್ಲಿ. ಅದನ್ನು ಅವನು ಕಟ್ಟಿರಲಿಲ್ಲ, ಕೊಂಡಿದ್ದ. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಬದಲಿಸುವ ಹಿಡಿಯನ್ನು ಮೂಲ ನಕ್ಷೆ ಚಾಲಕನ ಕೈಗೆಟುಕುವಲ್ಲಿ ಇರಿಸಿತ್ತು. ಕಟ್ಟಿದವನು ಅದನ್ನು ಎಡ ಭುಜದ ಹಿಂದಕ್ಕೆ ಸರಿಸಿದ್ದ. ಇಂಧನ ಕಡಿಮೆಯಿದ್ದಾಗ ಅದನ್ನು ತಿರುಗಿಸಲು ಹಿಂದಕ್ಕೆ ಹೊರಳುವಾಗ ಡೆನ್ವರ್‌ನ ಕಾಲು ಅರಿವಿಲ್ಲದೆ ಬಲಗಡೆಯ ರಡ್ಡರ್ ತುಳಿಯಿತು ಎಂಬುದು ತನಿಖೆಯ ನಿರ್ಣಯ. ಕಟ್ಟಿದವನಿಗೆ ಆ ಹಿಡಿ ಎಲ್ಲಿದೆ, ಏಕಿದೆ ಎಂಬುದು ಗೊತ್ತು. ಕೊಂಡವನಿಗೆ ಅಷ್ಟು ರೂಢಿಯಿರಲಿಲ್ಲ.

2012ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಈ ವಿಮಾನಗಳ ಬಗ್ಗೆ ವಿಶೇಷ ಅಧ್ಯಯನ ಪ್ರಕಟಿಸಿತು. ಆ ದೇಶದ ಖಾಸಗಿ ಬಳಕೆಯ ವಿಮಾನಗಳಲ್ಲಿ ಇಂಥವು ಶೇಕಡ 10ರಷ್ಟು. ಆದರೆ 2011ರ ಅಪಘಾತಗಳಲ್ಲಿ ಇವುಗಳ ಪಾಲು ಸುಮಾರು ಶೇಕಡ 15, ಪ್ರಾಣಹಾನಿಯಾದ ಅಪಘಾತಗಳಲ್ಲಿ ಶೇಕಡ 21. ಆ ವರ್ಷ ಅಪಘಾತಕ್ಕೀಡಾದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಈಗಿನ ಮಾಲೀಕ ತಾನೇ ಕಟ್ಟದೆ ಬೇರೆಯವರಿಂದ ಕೊಂಡವು. ಸಂಘ ಈ ವರದಿಯನ್ನು ಬದಿಗೆ ತಳ್ಳಲಿಲ್ಲ, ಅಧ್ಯಯನಕ್ಕೆ ತಾನೇ ನೆರವು ನೀಡಿತ್ತು. 2014ರಲ್ಲಿ ಸರ್ಕಾರ ಮೊದಲ ಹಾರಾಟಗಳಲ್ಲಿ ಅನುಭವಿ ಚಾಲಕನೊಬ್ಬ ಜೊತೆಗಿರಲು ಅವಕಾಶ ಕೊಟ್ಟಿತು.

ಹೊಣೆ ಕಟ್ಟುವವನೊಬ್ಬನದೇ ಅಲ್ಲ. ವ್ಯಾನ್‌ಗ್ರನ್ಸ್‌ವೆನ್‌ನ ಸಂಸ್ಥೆ ಮಾರಿದ ಕೆಲವು ಭಾಗಗಳಲ್ಲಿ ಲೇಸರ್‌ನಿಂದ ಕೊರೆದ ರಂಧ್ರಗಳ ಸುತ್ತ ಬಿರುಕು ಕಾಣಿಸಿಕೊಂಡವು. ಅವನ್ನು ಬದಲಿಸಿಕೊಡುವ ಭಾರವೂ ಇತರ ಹಣಕಾಸಿನ ತೊಡಕುಗಳೂ ಸೇರಿ 2023ರ ಡಿಸೆಂಬರಿನಲ್ಲಿ ಆ ಸಂಸ್ಥೆ ನ್ಯಾಯಾಲಯದ ರಕ್ಷಣೆ ಕೋರಬೇಕಾಯಿತು. 2024ರಲ್ಲಿ ಅದು ಚೇತರಿಸಿಕೊಂಡು ಹೊರಬಂತು. ಆ ಬಿರುಕುಗಳನ್ನು ಗಮನಿಸಿ ಪ್ರಶ್ನಿಸಿದವರಲ್ಲಿ ಶೆಡ್ಡುಗಳಲ್ಲಿ ಕುಳಿತು ರಿವೆಟ್ ಹೊಡೆಯುತ್ತಿದ್ದ ಹವ್ಯಾಸಿಗಳೂ ಇದ್ದರು.

ನಮ್ಮ ನೆಲದಲ್ಲಿ

ಭಾರತದಲ್ಲಿ ಈ ಹವ್ಯಾಸ ಇನ್ನೂ ವಿರಳ. ಆದರೂ ಬೆಂಗಳೂರಿನ ರಾಜ್ ಹಂಸ ಸಂಸ್ಥೆ ತಯಾರಿಸಿದ ‘ಎಕ್ಸ್-ಏರ್’ ಎಂಬ ಹಗುರ ವಿಮಾನದ ಕಿಟ್‌ಗಳು ಬ್ರಿಟನ್ ಮೊದಲಾದ ದೇಶಗಳಿಗೆ ಹೋಗಿ, ಅಲ್ಲಿನ ಹವ್ಯಾಸಿಗಳ ಕೈಯಲ್ಲಿ ವಿಮಾನಗಳಾಗಿ ಹಾರಿದವು ಎಂಬುದು ಬಹಳ ಮಂದಿಗೆ ತಿಳಿಯದ ಸಂಗತಿ.

ಮುಂಬಯಿಯಲ್ಲಿ ವೃತ್ತಿಯಿಂದ ವಿಮಾನ ಚಾಲಕರಾದ ಅಮೋಲ್ ಯಾದವ್ ಕಾಂದಿವಲಿಯ ತಮ್ಮ ಮನೆಯ ತಾರಸಿಯ ಮೇಲೆ ಆರು ಆಸನದ ವಿಮಾನವನ್ನೇ ಕಟ್ಟಿದರು. 2016ರ ಫೆಬ್ರವರಿಯಲ್ಲಿ ಮುಂಬಯಿಯ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಜನ ಅದನ್ನು ನೋಡಿದರು. ಆದರೆ ಅದು ಅಲ್ಲಿಗೆ ಹಾರಿ ಬಂದದ್ದಲ್ಲ, ತಾರಸಿಯಿಂದ ಇಳಿಸಿ ರಸ್ತೆಯ ಮೇಲೆ ಸಾಗಿಸಿ ತಂದದ್ದು. 2017ರಲ್ಲಿ ನೋಂದಣಿ, 2019ರಲ್ಲಿ ಹಾರಾಟ ಪರೀಕ್ಷೆಯ ಅನುಮತಿ. ಅಷ್ಟು ಹೊತ್ತಿಗೆ ಅವರು ಈ ಕೆಲಸಕ್ಕೆ ಇಳಿದು ಎರಡು ದಶಕಗಳಾಗಿದ್ದವು. ಬೊಗಾರ್ಡಸ್ ಅಲೆದ ಕಚೇರಿಗಳ ನೆನಪು ಯಾರಿಗಾದರೂ ಆಗದಿರದು.

ನಮ್ಮ ಯುವಕರಲ್ಲಿ ಕೈಗುಣಕ್ಕೂ ಕನಸಿಗೂ ಕೊರತೆಯಿಲ್ಲ. ಆಗಾಗ ಯಾವುದೋ ಊರಿನ ಹುಡುಗ ಗುಜರಿ ಸಾಮಾನಿನಿಂದ ವಿಮಾನ ಕಟ್ಟಿದನೆಂಬ ಸುದ್ದಿ ಬರುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ, ಪೊಲೀಸರು ತಡೆಯುತ್ತಾರೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಚಪ್ಪಾಳೆಯೂ ತಡೆಯೂ ಆ ಹುಡುಗನಿಗೆ ಸಾಲದು. ಅವನ ಶೆಡ್ಡಿಗೆ ಹೋಗಿ, ಬೆಸುಗೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಇದು ತಡೆಯದು, ಬಿಚ್ಚಿ ಮತ್ತೆ ಮಾಡು ಎಂದು ಹೇಳಬಲ್ಲ ಹಿರಿಯನೊಬ್ಬ ಬೇಕು. ಪೊಬರೆಜ್ನಿಯ ಎಪ್ಪತ್ತು ವರ್ಷಗಳ ಹಿಂದಿನ ನೆಲಮಾಳಿಗೆಯಲ್ಲಿ ಮೊದಲು ಸಿದ್ಧವಾದದ್ದು ಅಂಥ ಹಿರಿಯರ ಕೂಟ. ಸಾವಿರಾರು ವಿಮಾನಗಳು ಬಂದದ್ದು ಆಮೇಲೆ.